ಬ್ರೆಜಿಲ್‌ನ ಆ ಪಲ್ಪ್ ಕಾರ್ಖಾನೆ ಅಮೆಜಾನ್‌ನಲ್ಲಿಲ್ಲ

"ಅಮೆಜಾನ್ ಕಾಡು ಕಡಿದು ಕಾಗದ ಮಾಡುವ ದೈತ್ಯ ಕಾರ್ಖಾನೆ" ಎಂದು ಬ್ರೆಜಿಲ್‌ನ ಸುಜಾನೊ ಕಂಪನಿಯ ಹೊಸ ಪಲ್ಪ್ (ಕಾಗದಕ್ಕೆ ಬಳಸುವ ಮರದ ತಿರುಳು) ಕಾರ್ಖಾನೆಯ ಫೋಟೊ ಹರಿದಾಡುತ್ತಿದೆ. ಇದು ತಪ್ಪು. 2024ರ ಜುಲೈನಲ್ಲಿ ಶುರುವಾದ ಈ ಕಾರ್ಖಾನೆ ಇರುವುದು ಮಾತೊ ಗ್ರೊಸೊ ದೊ ಸುಲ್ ರಾಜ್ಯದಲ್ಲಿ, ಸೆರಾಡೊ ಎಂಬ ಹುಲ್ಲುಗಾವಲು ಸೀಮೆಯಲ್ಲಿ. ವರ್ಷಕ್ಕೆ 25.5 ಲಕ್ಷ ಟನ್ ಪಲ್ಪ್ ತಯಾರಿಸುವ ಸಾಮರ್ಥ್ಯ ಅದಕ್ಕಿದೆ. ಅಲ್ಲಿಗೆ ಹೋಗುವುದು ನೆಟ್ಟು ಬೆಳೆಸಿದ ನೀಲಗಿರಿ. ಫೋಟೊದಲ್ಲೇ ನೋಡಿ: ಸಾಲಾಗಿ ನಿಂತ, ಒಂದೇ ದಪ್ಪದ ಕಾಂಡಗಳು. ಕಾಡು ಹೀಗಿರಲ್ಲ, ಅಲ್ವಾ? ನೀಲಗಿರಿ ಮೂಲತಃ ಆಸ್ಟ್ರೇಲಿಯಾ ಕಡೆಯ ಮರ. ಬ್ರೆಜಿಲ್‌ನಲ್ಲಿ ನೆಟ್ಟ ಆರೇಳು ವರ್ಷಕ್ಕೇ ಕಟಾವಿಗೆ ಬರುತ್ತದೆ.

ಒಂದೇ ಜಾತಿಯ ಮರ ಇಷ್ಟೊಂದು ಬೆಳೆದರೆ ನೀರಿನ ಗತಿಯೇನು, ಹಕ್ಕಿ-ಪ್ರಾಣಿಗಳ ಗತಿಯೇನು ಎಂದು ಖಂಡಿತ ಕೇಳಿ. ಅಮೆಜಾನ್ ಹೆಸರಿನ ಆ ಮೆಸೇಜನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.