ಸೈಟು ಮಾಡದ ನಮ್ಮ ದೊಡ್ಡಪ್ಪ

ನಿನ್ನೆ ದೊಡ್ಡಪ್ಪನ ತಿಥಿ ಮುಗೀತು. ಕೈ ತೊಳೆಯೋಕೆ ನಿಂತಿದ್ದೆ, ಹಿಂದಿನಿಂದ ಒಂದು ಮಾತು ಕಿವಿಗೆ ಬಿತ್ತು. "ಒಳ್ಳೆ ಮನುಷ್ಯ ಕಣಯ್ಯ, ಇಲ್ಲ ಅನ್ನಲ್ಲ. ಆದ್ರೆ ಏನ್ ಮಾಡ್ಕಂಡ? ಮೈಸೂರಲ್ಲಿ ಒಂದು ಸೈಟಾದ್ರೂ ಬೇಡ್ವಾ?" ತಿಂದಿದ್ದು ಅದೇ ಮನೆಯ ಬಾಡೂಟ. ಹಲ್ಲಿಗೆ ಕಡ್ಡಿ ಹಾಕ್ಕೊಂಡೇ ಈ ಮಾತು. ಸಾವಿನ ಮನೆ ಅಂತ ಸುಮ್ಮನಿದ್ದೆ. ಈಗ ಆಗ್ತಿಲ್ಲ.

ದೊಡ್ಡಪ್ಪನನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ವಿಶ್ವೇಶ್ವರಯ್ಯ ನಾಲೆ ಪಕ್ಕದ ತಮ್ಮ ಆಲೆಮನೆಗೆ ಬಂದವರನ್ನು ಕಬ್ಬಿನ ಹಾಲು ಕುಡಿಸದೆ ಕಳಿಸಿದವರಲ್ಲ. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವ ಹೊತ್ತಿಗೆ ಊರ ಮಕ್ಕಳೆಲ್ಲ ಬಾಳೆಎಲೆ ಚೂರು ಹಿಡಿದು ಹಾಜರ್. "ಊದ್ಕೊಂಡು ತಿನ್ರೋ, ನಾಲಿಗೆ ಸುಟ್ರೆ ನಿಮ್ಮವ್ವ ನನ್ನ ಬಯ್ತಾಳೆ" ಅಂತ ಒಬ್ಬೊಬ್ಬರಿಗೂ ಬಡಿಸೋರು. 10 ಟನ್ ಕಬ್ಬು ಅರೆದರೆ ಹೆಚ್ಚುಕಡಿಮೆ 1 ಟನ್ ಬೆಲ್ಲ. ಕಬ್ಬು ಕಡಿಯುವವರ ಕೂಲಿ, ಗಾಡಿ ಬಾಡಿಗೆ ಎಲ್ಲ ಅದರಲ್ಲೇ ಹುಟ್ಟಬೇಕು. ಊರಲ್ಲಿ ಯಾರ ಮನೆ ಮದುವೆಗೂ ಒಂದು ಮೂಟೆ ಅಚ್ಚುಬೆಲ್ಲ ಹೋಗ್ತಿದ್ದುದೂ ಅದರಲ್ಲೇ. ಸೈಟಿನ ಮಾತಾಡಿದ ಮಹಾಶಯರ ಮಗಳ ಮದುವೆ ಒಬ್ಬಟ್ಟು ಯಾವ ಬೆಲ್ಲದ್ದು ಅಂತ ನೆನಪಿದೆಯಾ?

2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ಅಣೆಕಟ್ಟು ತುಂಬುವ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ಎಲ್ಲರ ಗದ್ದೆಯಲ್ಲೂ ಕಬ್ಬು ಒಣಗ್ತಿತ್ತು. ದೊಡ್ಡಪ್ಪನ ಬೋರಲ್ಲಿ ಅಷ್ಟಿಷ್ಟು ನೀರು. ತಮಗೊಂದು ದಿನ, ಗಂಡ ಇಲ್ಲದ ಪಕ್ಕದ ಗದ್ದೆಯಾಕೆಗೆ ಒಂದು ದಿನ ಬಿಟ್ಟರು. ಆಕೆ ದುಡ್ಡು ಕೊಡೋಕೆ ಬಂದರೆ, "ನೀರೇನು ನಾನು ತಯಾರು ಮಾಡಿದ್ನೇನವ್ವ?" ಅಂದು ವಾಪಸ್ ಕಳಿಸಿದರು. ಇಂಥವರು ಸೈಟು ಎಲ್ಲಿಂದ ಮಾಡ್ತಾರೆ ಹೇಳಿ!

ತಂಗಿಯರ ಮಕ್ಕಳು, ತಮ್ಮನ ಮಕ್ಕಳಾದ ನಾವು, ಎಲ್ಲರೂ ಮಂಡ್ಯದ ಕಾಲೇಜಿಗೆ ಹೋಗಿದ್ದು ಅವರ ಮನೆಯ ಮುದ್ದೆ, ಉಪ್ಸಾರು ಉಂಡುಕೊಂಡೇ. ಬಸ್ಸಿನ ದುಡ್ಡು ಕೇಳಬೇಕಾಗಿರಲಿಲ್ಲ. ಕಿಟಕಿಯಲ್ಲಿ ತಕ್ಕಡಿ ಬಟ್ಟಿನ ಕೆಳಗೆ ಇಟ್ಟಿರೋರು. ಯಾರು ಎಷ್ಟು ತಗೊಂಡರು ಅಂತ ಎಣಿಸ್ತಿರಲಿಲ್ಲ. ದೇವರಂಥವರು ಅಂತೇನೂ ಹೇಳ್ತಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೆ ಮನೆ ಹಾರಿಹೋಗೋ ಹಾಗೆ ಕೂಗಾಡೋರು.

"ಊರಿಗೆಲ್ಲ ಕೊಟ್ಟು ಹೆಂಡತಿ ಸರ ಅಡ ಇಟ್ಟ" ಅನ್ನೋದು ಇನ್ನೊಂದು ದೂರು. ಇಟ್ಟಿದ್ದು ನಿಜ. ರಾತ್ರಿ ದೊಡ್ಡಮ್ಮನನ್ನೇ ಕೇಳಿದೆ. "ಇಟ್ಟಿದ್ದ ಹೇಳ್ತಾರೆ, ಬಿಡಿಸ್ಕೊಟ್ಟಿದ್ದ ಯಾಕಪ್ಪ ಹೇಳಲ್ಲ?" ಅಂದು ಸೊಸೆಯ ಕೊರಳು ತೋರಿಸಿದರು. ಸರ ಅಲ್ಲಿತ್ತು. ಇದಕ್ಕಿಂತ ಜಾಸ್ತಿ ಸಾಕ್ಷಿ ನನಗೆ ಬೇಡ.

ನಾನು ಅವರ ಹಾಗಲ್ಲ, ಹೇಳಿಬಿಡ್ತೀನಿ. ಕೈಸಾಲ ಕೇಳ್ತಾರೆ ಅಂತ ಅನುಮಾನ ಬಂದರೆ ಫೋನೇ ಎತ್ತಲ್ಲ. ಮೈಸೂರಲ್ಲಿ ಸೈಟಿದೆ, ಕಂತು ಕಟ್ತಿದ್ದೀನಿ. ನನ್ನ ತಿಥಿಗೆ ಬ್ಯಾಂಕಿನವರು ಬಂದರೆ ದೊಡ್ಡದು. ದೊಡ್ಡಪ್ಪನ ಬೂದಿ ಬಿಡೋಕೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದಾಗ, ಆಲೆಮನೆಯ ಆಳುಗಳು ಅವತ್ತಿನ ಕೂಲಿ ಬಿಟ್ಟು, ತಾವೇ ದುಡ್ಡು ಹಾಕ್ಕೊಂಡು ಟೆಂಪೋದಲ್ಲಿ ಬಂದಿದ್ದರು. ಸೈಟಿನವರು ಅವತ್ತು ಬಂದಿರಲಿಲ್ಲ. ಬಿಸಿಲು ಜಾಸ್ತಿ ಇತ್ತಂತೆ.

ಕೊಟ್ಟ ದುಡ್ಡಿನ ಪುಸ್ತಕ ಒಂದಿದೆ, ಈಗ ಅಣ್ಣನ ಹತ್ತಿರ ಇದೆ. ವಸೂಲಿ ಮಾಡಲ್ಲ ಅಂತ ಅಣ್ಣ ಹೇಳಿದ್ದಾನೆ, ಅವನೂ ಅಪ್ಪನ ಮಗನೇ. ಆದರೆ ದೊಡ್ಡಪ್ಪ ಏನ್ ಮಾಡ್ಕಂಡ ಅಂತ ಕೇಳುವವರು ಒಂದು ಸಲ ಮನೆಗೆ ಬನ್ನಿ. ನಿಮ್ಮ ಹೆಸರಿರುವ ಪುಟ ನಾನೇ ತೆಗೆದುಕೊಡ್ತೀನಿ.