ಕುಂಕುಮದಲ್ಲಿ ಏನಿದೆ ಎಂದು ಯಾರನ್ನು ಕೇಳೋಣ?

ನಾನಿರುವ ನ್ಯೂಜೆರ್ಸಿಯಲ್ಲಿ ಮಕ್ಕಳಿಗೆ ಒಂದು ವರ್ಷವಾದಾಗ ಒಮ್ಮೆ, ಎರಡು ವರ್ಷವಾದಾಗ ಇನ್ನೊಮ್ಮೆ, ರಕ್ತದಲ್ಲಿ ಸೀಸ ಎಂಬ ವಿಷಲೋಹ ಇದೆಯಾ ಎಂದು ನೋಡಿಸಲೇಬೇಕು. ಅದು ಕಾನೂನು. ಜಾಸ್ತಿ ಇದ್ದರೆ ಆರೋಗ್ಯ ಇಲಾಖೆಯವರು ಮನೆಗೇ ಬಂದು ಮೂಲ ಹುಡುಕುತ್ತಾರೆ. ಒಳ್ಳೆಯ ಏರ್ಪಾಡೇ. ಆದರೆ ಸೀಸ ಮಗುವಿನ ಮೈ ಸೇರಿದ ಮೇಲೆ ಈ ಹುಡುಕಾಟ ಶುರುವಾಗುತ್ತದೆ. ನನ್ನ ಸಂಕಟ ಅದೇ.

ಕುಂಕುಮದಲ್ಲೂ ಸೀಸ ಇರಬಹುದು ಎಂದು ಸುಮ್ನೆ ಹೆದರಿಸುತ್ತಿಲ್ಲ. ಇಲ್ಲಿನ ರಟ್ಗರ್ಸ್ ವಿಶ್ವವಿದ್ಯಾಲಯದವರು ನ್ಯೂಜೆರ್ಸಿಯ ಅಂಗಡಿಗಳಿಂದಲೂ ಮುಂಬೈ, ದೆಹಲಿಯಿಂದಲೂ ಸಿಂಧೂರ ತಂದು ಪರೀಕ್ಷಿಸಿದ್ದರು. 2017ರಲ್ಲಿ ಫಲಿತಾಂಶ ಬಂತು. ನೂರಕ್ಕೆ ಸುಮಾರು 80ರಲ್ಲಿ ಸೀಸ ಸಿಕ್ಕಿತ್ತು.

ಹಾಗಾದರೆ ನಮ್ಮ ದೇವರ ಮನೆಯ ಕುಂಕುಮ? ಇಲ್ಲಿ ಖಾಸಗಿ ಲ್ಯಾಬಿಗೆ ಕಳಿಸಬೇಕು. "ಇದರಲ್ಲಿ ಏನೇನಿದೆ?" ಎಂದರೆ, "ನಾವು ಏನನ್ನು ಹುಡುಕಬೇಕು?" ಎಂದು ತಿರುಗಿ ಕೇಳುತ್ತಾರೆ. ಅದು ನ್ಯಾಯವೇ. ಸೀಸ ಅಳೆಯುವ ಯಂತ್ರ ಬೇರೆ, ಬಣ್ಣದ ರಾಸಾಯನಿಕ ಗುರುತಿಸುವ ಯಂತ್ರ ಬೇರೆ. ಎಲ್ಲವನ್ನೂ ಒಂದೇ ಸಲ ಹೇಳುವ ಯಂತ್ರ ಇಲ್ಲ. "ಸೀಸ ಎಷ್ಟಿದೆ?" ಎಂದು ಒಂದೇ ಪ್ರಶ್ನೆ ಕೇಳಿದರೆ ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ. ಅಂಗಡಿಯಲ್ಲಿ ಸಿಗುವ ಕಿಟ್ ನಂಬಬೇಡಿ. ಅವು ಗೋಡೆಯ ಬಣ್ಣಕ್ಕೆಂದು ಮಾಡಿದವು. ಹಲವು ಕಿಟ್‌ಗಳಲ್ಲಿ ಸೀಸ ಇದ್ದರೆ ಕಡ್ಡಿ ಕೆಂಪಾಗುತ್ತದೆ. ಕುಂಕುಮಕ್ಕೆ ಒತ್ತಿದರೆ ಹೇಗೂ ಕೆಂಪಾಗುತ್ತದಲ್ವಾ!

ಈ ವಿಷಯದಲ್ಲಿ ನಮ್ಮ ದೇಶದ ಕಾನೂನೇ ನನಗೆ ಹೆಚ್ಚು ಇಷ್ಟ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ತಾವು ಕೊಂಡ ಔಷಧಿಯನ್ನೋ ಕಾಂತಿವರ್ಧಕವನ್ನೋ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಗೆ ಕೊಡಬಹುದು. ಸಹಿ ಹಾಕಿದ ವರದಿ ಕೈಗೆ ಬರುತ್ತದೆ. ಅರಿಶಿನದಂಥ ಆಹಾರ ಪದಾರ್ಥಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಇದೆ. ಇದರಡಿ ದೋಷ ಕಂಡುಬಂದರೆ ಕಟ್ಟಿದ ಶುಲ್ಕವೂ ವಾಪಸ್. ಆದರೆ ಕೊಳ್ಳುವಾಗಲೇ "ಪರೀಕ್ಷೆಗೆ ಕೊಡುತ್ತೇನೆ" ಎಂದು ಅಂಗಡಿಯವನಿಗೆ ಹೇಳಬೇಕು. ಈ ಷರತ್ತು ನನಗೆ ಸರಿಕಾಣುವುದಿಲ್ಲ. ಮೊದಲೇ ಹೇಳಿದರೆ ಅವನು ಒಳ್ಳೆಯ ಪೊಟ್ಟಣ ಆರಿಸಿ ಕೊಡುವುದಿಲ್ಲವೇ?

ಊರಲ್ಲಿರುವವರು ಈ ಹಕ್ಕನ್ನು ಬಳಸಲಿ. ಇಲ್ಲಿ ಒಬ್ಬೊಬ್ಬರಿಗೇ ಲ್ಯಾಬ್ ಬಿಲ್ ಭಾರ, ಹಾಗಾಗಿ ಕನ್ನಡ ಸಂಘಗಳು ಹಬ್ಬಕ್ಕೆ ಮೊದಲೇ ದುಡ್ಡು ಕೂಡಿಸಿ ನಾವೆಲ್ಲ ಕೊಳ್ಳುವ ನಾಲ್ಕೈದು ಬ್ರ್ಯಾಂಡ್ ಪರೀಕ್ಷಿಸಲಿ. ಬ್ಯಾಚ್ ನಂಬರ್ ಸಮೇತ ಫಲಿತಾಂಶವನ್ನು ಎಲ್ಲರಿಗೂ ತಿಳಿಸಲಿ. ಮನೆಯಲ್ಲೂ ಕುಂಕುಮವನ್ನು ಭರಣಿಗೆ ಸುರಿದು, ಬ್ಯಾಚ್ ನಂಬರ್ ಇರುವ ಕವರ್ ಎಸೆಯಬೇಡಿ.