ಸಾಸ್ ಮಾತ್ರ ಬಾಟಲಿಯದ್ದೇ ಆಗಬೇಕು

ಕೋಲಾರದಲ್ಲಿ ಮನೆಯಲ್ಲೇ ಮಿನಿ ಪಿಜ್ಜಾ ಮಾಡುವುದು ಬಹಳ ಸುಲಭ. ಮೊದಲು ಎಪಿಎಂಸಿ ಕಡೆಯಿಂದ ಸ್ಕೂಟರ್‌ನಲ್ಲಿ ಹೊರಡಿ. ದರ ಬಿದ್ದ ಕಾಲವಾದರೆ ರೈತರು ಸುರಿದುಹೋದ ಟೊಮೆಟೊ ರಸ್ತೆ ಪಕ್ಕ ರಾಶಿ ಬಿದ್ದಿರುತ್ತದೆ. ಗಾಡಿ ಜಾರದಂತೆ ಅದನ್ನು ದಾಟಿ, ಸೂಪರ್‌ಮಾರ್ಕೆಟ್ಟಿಗೆ ಹೋಗಿ, ಒಂದು ಬಾಟಲಿ ಪಿಜ್ಜಾ ಸಾಸ್ ತನ್ನಿ. ಅರ್ಧ ಕೆಲಸ ಮುಗಿಯಿತು.

ಉಳಿದದ್ದು ಸುಮ್ನೆ ಕೈಚಳಕ. ಬ್ರೆಡ್ ಮೇಲೆ ಸ್ಟೀಲ್ ಲೋಟ ಒತ್ತಿ ದುಂಡಗೆ ಕತ್ತರಿಸಿ. ತವಾ ಮೇಲೆ ಬೆಣ್ಣೆ ಹಾಕಿ ಒಂದು ಬದಿ ಕೆಂಪಗೆ ಮಾಡಿ, ತಿರುವಿ. ಕೆಂಪಾದ ಬದಿಗೆ ಸಾಸ್ ಸವರಿ, ಈರುಳ್ಳಿ, ದಪ್ಪ ಮೆಣಸಿನಕಾಯಿ, ತುರಿದ ಚೀಸ್ ಉದುರಿಸಿ. ಸಣ್ಣ ಉರಿಯಲ್ಲಿ, ಚೀಸ್ ಕರಗುವವರೆಗೆ ಮುಚ್ಚಿಡಿ. ಇಟಲಿಯ ನೇಪಲ್ಸ್‌ನ ಸೌದೆ ಒಲೆಯಲ್ಲಿ ಅಸಲಿ ಪಿಜ್ಜಾ 60ರಿಂದ 90 ಸೆಕೆಂಡಿಗೆ ಬೆಂದುಬಿಡುತ್ತದೆ. ನಮ್ಮದು ದಿಢೀರ್ ಪಿಜ್ಜಾ ನೋಡಿ, ಸ್ವಲ್ಪ ತಡ.

ಆ ನೇಪಲ್ಸ್‌ನವರೂ ವಿಚಿತ್ರ ಜನ. ಟೊಮೆಟೊ ಅವರದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಆದರೂ ಊರ ಸುತ್ತ ಬೆಳೆಯುವ ಸ್ಯಾನ್ ಮಾರ್ಜಾನೋ ಹಣ್ಣಿಗೆ ‘ಈ ಊರಿನದ್ದೇ’ ಅನ್ನುವ ಯುರೋಪಿನ ಮುದ್ರೆ ಒತ್ತಿಸಿ, ಡಬ್ಬಿ ಮೇಲೆ ಹೆಸರು ಹಾಕಿ ಮೆರೆಸುತ್ತಾರೆ. ನಮಗೆ ಅಂಥ ದುರಭಿಮಾನ ಇಲ್ಲ. ದೇಶದ ದೊಡ್ಡ ಟೊಮೆಟೊ ಮಂಡಿಗಳಲ್ಲೊಂದು ಪಕ್ಕದಲ್ಲಿದ್ದರೂ ಮಕ್ಕಳಿಗೆ ಸಾಸ್ ಬಾಟಲಿಯದ್ದೇ ಬೇಕು.

ಹಳ್ಳಿಯಿಂದ ಮಾವ ಒಂದು ಬಾಕ್ಸ್ ಟೊಮೆಟೊ ಹೊತ್ತು ತರುತ್ತಾರೆ. ಕೊಯ್ದ ಕೂಲಿಯೂ ಹುಟ್ಟಲಿಲ್ಲ, ನೀವಾದರೂ ತಿನ್ನಿ ಅಂತ.

“ಇದಕ್ಕೆ ಪಿಜ್ಜಾ ಟೇಸ್ಟ್ ಬರಲ್ಲ ತಾತ” ಅನ್ನುತ್ತಾಳೆ ಮೊಮ್ಮಗಳು.

“ಹಂಗಾದ್ರೆ ಆ ಬಾಟ್ಲಲ್ಲಿ ಇರೋದೇನಮ್ಮ?”

ಹುಡುಗಿ ಲೇಬಲ್ ಓದುತ್ತಾಳೆ. ನೀರು, ಟೊಮೆಟೊ ಪೇಸ್ಟ್, ಸಕ್ಕರೆ, ಉಪ್ಪು. ಸಾವಿರ ಅಡಿ ಬೋರ್ ಕೊರೆಸಿದರೂ ಸಿಗದ ನೀರು ಬಾಟಲಿಯ ಮೊದಲ ಸಾಲಲ್ಲೇ ಸಿಕ್ಕಿತು ಅಂತ ಮಾವ ಬೆರಗಾಗುತ್ತಾರೆ.

ಸರ್ಕಾರವೂ ಮಿನಿ ಪಿಜ್ಜಾ ಪರ. 2025ರ ಸೆಪ್ಟೆಂಬರ್ 22ರಿಂದ ಪಿಜ್ಜಾ ಬ್ರೆಡ್ಡಿಗೆ ಜಿಎಸ್‌ಟಿ ಸೊನ್ನೆ. ಸಾಸಿಗೆ ಶೇಕಡಾ 12 ಇದ್ದದ್ದು 5ಕ್ಕೆ ಇಳಿಯಿತು. ತಾಜಾ ಟೊಮೆಟೊಗೆ ಮೊದಲಿಂದಲೂ ತೆರಿಗೆ ಇಲ್ಲ. ಹಣ್ಣು ಬಾಟಲಿಗೆ ಇಳಿದ ಮೇಲೇ ಅದಕ್ಕೊಂದು ಬೆಲೆ ಇದೆ ಅಂತ ದೆಹಲಿಗೆ ಗೊತ್ತಾಗುವುದು.

ಒಮ್ಮೆ ಮಾತ್ರ ಬಾಟಲಿಯ ಹಂಗಿಲ್ಲದೆಯೇ ಗೊತ್ತಾಗಿತ್ತು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಕೋಲಾರದಲ್ಲಿ 2,000 ರೂಪಾಯಿ ದಾಟಿತು. ಕೋಲಾರಕ್ಕೆ ಟೊಮೆಟೊ ತರುತ್ತಿದ್ದ ಗಾಡಿಯನ್ನೇ ಬೆಂಗಳೂರಿನಲ್ಲಿ ಅಪಹರಿಸಿದರು. ಚಿನ್ನದ ಗಣಿ ಮುಚ್ಚಿದ ಮೇಲೆ ಜಿಲ್ಲೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅಪರೂಪ. ಆಗ ಟಿವಿಯವರು ಟೊಮೆಟೊ ಇಲ್ಲದ ಸಾರು ಹೇಗೆ ಅಂತ ತೋರಿಸುತ್ತಿದ್ದರು. ದರ ಬಿದ್ದಾಗ ಟೊಮೆಟೊ ಇರುವ ಸಾಸ್ ಹೇಗೆ ಅಂತ ಯಾರೂ ತೋರಿಸಲ್ಲ, ಅಲ್ವಾ? ಅದೇನು ಬ್ರಹ್ಮವಿದ್ಯೆಯೂ ಅಲ್ಲ. ಹಣ್ಣು ಬೇಯಿಸಿ, ಸಿಪ್ಪೆ ಸುಲಿದು ರುಬ್ಬಿ, ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಗಟ್ಟಿಯಾಗುವವರೆಗೆ ಕುದಿಸುವುದು. ಓರೆಗಾನೊ ಇಲ್ಲದಿದ್ದರೆ ಚಿಟಿಕೆ ಓಮಕಾಳು. ಆದರೆ ಅರ್ಧ ಗಂಟೆ ಬೇಕು. ಹತ್ತು ನಿಮಿಷದ ಪಿಜ್ಜಾಗೆ ಅರ್ಧ ಗಂಟೆ ಸಾಸಾ?

ಹಾಗಾಗಿ ಈ ಜವಾಬ್ದಾರಿಯನ್ನು ನಾಯಕರಿಗೆ ಬಿಟ್ಟಿದ್ದೇವೆ. ಚುನಾವಣೆ ಬಂದಾಗಲೆಲ್ಲ ಟೊಮೆಟೊ ಸಂಸ್ಕರಣಾ ಘಟಕದ ಮಾತು ಬರುತ್ತದೆ. ಅದರ ರೆಸಿಪಿ ಪಿಜ್ಜಾಗಿಂತ ಸಲೀಸು. ಒಂದು ವೇದಿಕೆ, ಒಂದು ಮೈಕು, ರುಚಿಗೆ ತಕ್ಕಷ್ಟು ಕೋಟಿ. ಒಲೆ ಹಚ್ಚೋದೇ ಬೇಡ.